ಸಾಮಾಜಿಕ–ಜನಸಾಂಖ್ಯಿಕ ಹಿನ್ನೆಲೆ: ಕುಷ್ಠರೋಗದೊಂದಿಗೆ ಬದುಕುವ ಮಹಿಳೆಯರ ಸಂದರ್ಭದಲ್ಲಿ

ವಯಸ್ಸು, ಲಿಂಗ, ವೈವಾಹಿಕ ಸ್ಥಿತಿ, ವಿದ್ಯಾಭ್ಯಾಸ, ಉದ್ಯೋಗ, ವರಮಾನ, ಕುಟುಂಬದ ಸ್ವರೂಪ, ವಾಸಸ್ಥಳ ಇವನ್ನೆಲ್ಲ ಒಟ್ಟುಗೂಡಿಸಿ ವ್ಯಕ್ತಿಯ ಸಾಮಾಜಿಕ–ಜನಸಾಂಖ್ಯಿಕ ಹಿನ್ನೆಲೆ ಎನ್ನುತ್ತಾರೆ. ಆರೋಗ್ಯ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಇದು ಸಾಮಾನ್ಯವಾಗಿ ಮೊದಲ ಪುಟ. ಅವಸರದಲ್ಲಿ ತುಂಬಿ ಮುಂದೆ ಸಾಗುವ ಪುಟವೂ ಇದೇ. ಕುಷ್ಠರೋಗವಿರುವ ಮಹಿಳೆಯರ ವಿಷಯದಲ್ಲಂತೂ ಈ ಪುಟವನ್ನು ನಿಧಾನವಾಗಿ ಓದಬೇಕು.

ಜಗತ್ತಿನಲ್ಲಿ 2023ರಲ್ಲಿ ದಾಖಲಾದ ಹೊಸ ಪ್ರಕರಣಗಳು 1,82,815. ಅವುಗಳಲ್ಲಿ ಮಹಿಳೆಯರ ಪಾಲು ಸುಮಾರು ಶೇ 40. ಈ ಅಂತರವನ್ನು ಕಂಡು ಮಹಿಳೆಯರಿಗೆ ರೋಗ ಕಡಿಮೆ ಎಂದು ತೀರ್ಮಾನಿಸುವುದು ಸುಲಭ, ಆದರೆ ಸರಿಯಲ್ಲ. ಈ ರೋಗದ ಲಕ್ಷಣವಾದ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಸಾಮಾನ್ಯವಾಗಿ ತುರಿಸುವುದಿಲ್ಲ, ನೋಯುವುದೂ ಇಲ್ಲ. ಅದು ಬೆನ್ನಿನ ಮೇಲೋ ತೊಡೆಯ ಮೇಲೋ ಇದ್ದು, ಪರೀಕ್ಷಿಸುವವರು ಪುರುಷರಾಗಿದ್ದರೆ, ತೋರಿಸಲು ಸಂಕೋಚಪಟ್ಟವಳ ಹೆಸರು ದಾಖಲೆಗೆ ಬರುವುದೇ ಇಲ್ಲ.

‘ಹಿನ್ನೆಲೆ’ ಎಂದರೆ ರೋಗಕ್ಕೆ ಮೊದಲೇ ಇದ್ದದ್ದು ಎಂಬ ಅರ್ಥ ಮನಸ್ಸಿಗೆ ಬರುತ್ತದೆ. ಇಲ್ಲಿ ಹಾಗಲ್ಲ. ವೈವಾಹಿಕ ಸ್ಥಿತಿಯ ಎದುರು ‘ಗಂಡನಿಂದ ದೂರವಿರುವವರು’ ಎಂದು ಬರೆದಿದ್ದರೆ, ಆ ದೂರ ರೋಗಕ್ಕೆ ಮುಂಚಿನದೋ ರೋಗವೇ ತಂದದ್ದೋ ಎಂದು ಕೇಳದೆ ಆ ಉತ್ತರಕ್ಕೆ ಅರ್ಥವಿಲ್ಲ. ಭಾರತದಲ್ಲಿ ಕುಷ್ಠರೋಗವು ವಿಚ್ಛೇದನಕ್ಕೆ ಕಾನೂನೇ ಒಪ್ಪಿದ ಕಾರಣವಾಗಿತ್ತು. ಅದನ್ನು ತೆಗೆದುಹಾಕಿದ್ದು 2019ರ ವೈಯಕ್ತಿಕ ಕಾನೂನುಗಳ ತಿದ್ದುಪಡಿ ಕಾಯ್ದೆ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯಿಂದ 6ರಿಂದ 12 ತಿಂಗಳಲ್ಲಿ ರೋಗ ವಾಸಿಯಾಗುತ್ತದೆ, ಆದರೆ ಮುರಿದ ಸಂಸಾರ ಮತ್ತೆ ಕೂಡಿಕೊಳ್ಳುತ್ತದೆಂಬ ಭರವಸೆ ಯಾರೂ ಕೊಡಲಾರರು. ವರಮಾನದ ಪ್ರಶ್ನೆಗೂ ಇದೇ ಮಾತು ಅನ್ವಯಿಸುತ್ತದೆ: ಬಡತನ ರೋಗಕ್ಕೆ ದಾರಿಮಾಡಿಕೊಟ್ಟಿರಬಹುದು, ಕೆಲಸ ಕಳೆದುಕೊಂಡ ಮೇಲೆ ಬಡತನ ಬಂದಿರಲೂಬಹುದು.

ಉದ್ಯೋಗದ ಎದುರು ಬರೆಯುವ ‘ಗೃಹಿಣಿ’ ಎಂಬ ಪದ ಬಹಳಷ್ಟನ್ನು ಮುಚ್ಚಿಡುತ್ತದೆ. ನರಗಳಿಗೆ ಪೆಟ್ಟಾಗಿ ಬೆರಳುಗಳ ಸ್ಪರ್ಶಜ್ಞಾನ ಹೋಗಿರುವಾಗ, ಒಲೆಯಿಂದ ಪಾತ್ರೆ ಇಳಿಸುವವಳಿಗೆ ಬಿಸಿ ತಾಗಿದ್ದು ತಿಳಿಯುವುದಿಲ್ಲ. ಬೊಬ್ಬೆ ಎದ್ದದ್ದನ್ನು ಕಣ್ಣಿನಿಂದ ನೋಡಿದಾಗಲೇ ಸುಟ್ಟಿದ್ದು ಗೊತ್ತಾಗುತ್ತದೆ. ಹುಣ್ಣು ಮಾಯುವವರೆಗೆ ಕೈಗೆ ವಿಶ್ರಾಂತಿ ಕೊಡಿ ಎಂಬ ಸಲಹೆಯನ್ನು ಅವಳು ಪಾಲಿಸುವುದು ಹೇಗೆ? ಸಂಬಳವಿಲ್ಲದ ಕೆಲಸಕ್ಕೆ ರಜೆಯೂ ಇಲ್ಲ. ಆದ್ದರಿಂದ ಅವಳು ದಿನವಿಡೀ ಕೈಯಿಂದ ಏನೇನು ಮಾಡುತ್ತಾಳೆ ಎಂದು ಕೇಳಿ ಬರೆದುಕೊಳ್ಳುವುದೇ ಸರಿಯಾದ ಕ್ರಮ ಎಂದು ನನ್ನ ಅಭಿಪ್ರಾಯ.

ವಯಸ್ಸಿನ ಪ್ರಶ್ನೆಗೂ ತನ್ನದೇ ಮಹತ್ವವಿದೆ. ಹೆರಿಗೆಯ ನಂತರದ ತಿಂಗಳುಗಳಲ್ಲಿ ನರಗಳ ಉರಿಯೂತ ಉಲ್ಬಣಿಸುವ ಸಂಭವ ಹೆಚ್ಚಿರುವುದರಿಂದ, ಹೆರುವ ವಯಸ್ಸಿನವರನ್ನು ವಿಶೇಷವಾಗಿ ಗಮನಿಸಬೇಕಾಗುತ್ತದೆ. ಈ ಚಿಕಿತ್ಸೆಯಲ್ಲಿ ಕೊಡುವ ಕ್ಲೋಫಜಿಮೈನ್ ಎಂಬ ಔಷಧ ಚರ್ಮವನ್ನು ಕಪ್ಪಾಗಿಸುತ್ತದೆ. ಔಷಧ ನಿಲ್ಲಿಸಿದ ಮೇಲೆ ತಿಂಗಳುಗಳು ಕಳೆದಂತೆ ಬಣ್ಣ ತಿಳಿಯಾಗುತ್ತದೆ ಎಂಬುದು ನಿಜ. ಆದರೆ ರೋಗವನ್ನು ಮನೆಯವರಿಂದಲೂ ಬಚ್ಚಿಟ್ಟಿರುವ ಯುವತಿಗೆ, ಮುಖದ ಬಣ್ಣ ಬದಲಾಗುತ್ತಿರುವುದೇ ಮಾತ್ರೆ ಬಿಟ್ಟುಬಿಡಲು ಸಾಕಾದ ಕಾರಣವಾಗಬಹುದು. ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದವರ ಪಟ್ಟಿಯಲ್ಲಿ ಅವಳ ಹೆಸರು ಕಂಡಾಗ, ತಿರುಗಿ ನೋಡಬೇಕಾದದ್ದು ಆ ಮೊದಲ ಪುಟವನ್ನೇ.