ಕಾಯುವ ತಾಕತ್ತು ಕೊಡುವ ಚೀಲ

ರೈತರ ಮೊಬೈಲಿಗೆ ದಿನಾ ಮಾರುಕಟ್ಟೆ ದರ ಕಳಿಸಿದರೆ ಅವರಿಗೆ ಒಳ್ಳೆಯ ಬೆಲೆ ಸಿಗುತ್ತದಾ? ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದರು. ದರದ ಜೊತೆ ಹವಾಮಾನದ ಮಾಹಿತಿಯೂ ಎಸ್ಸೆಮ್ಮೆಸ್ಸಿನಲ್ಲಿ ಹೋಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶ ಸಪ್ಪೆಯಾಗಿತ್ತು. ಸಂದೇಶ ಸಿಕ್ಕವರಿಗೂ ಸಿಗದವರಿಗೂ ಬಂದ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಕೇರಳದ ಮೀನುಗಾರರ ಕಥೆ ಬೇರೆ. 1997ರಿಂದೀಚೆಗೆ ಅಲ್ಲಿನ ಕರಾವಳಿಗೆ ಮೊಬೈಲ್ ಬಂದಾಗ ಅವರು ಸಮುದ್ರದಿಂದಲೇ ಫೋನ್ ಮಾಡಿ ಯಾವ ದಡಕ್ಕೆ ಹೋಗಬೇಕೆಂದು ನಿರ್ಧರಿಸತೊಡಗಿದರು. ದಡದಿಂದ ದಡಕ್ಕೆ ಇದ್ದ ಬೆಲೆಯ ಅಂತರ ಕುಗ್ಗಿತು, ಮೀನು ಸುಮ್ನೆ ಹಾಳಾಗುವುದೂ ತಪ್ಪಿತು. ದರ ಕೇಳಿದ ಮೇಲೆ ದೋಣಿ ತಿರುಗಿಸುವುದು ಅವರ ಕೈಯಲ್ಲಿತ್ತು. ಒಕ್ಕಣೆ ಮುಗಿಸಿದ ಸಣ್ಣ ರೈತರ ಕೈಯಲ್ಲಿ ಏನಿದೆ? ಎಲ್ಲರೂ ಒಟ್ಟಿಗೆ ಮಾರುವ ಹೊತ್ತಿಗೆ ಬೆಲೆ ಬಿದ್ದಿರುತ್ತದೆ. ಆದರೂ ಮಾರುತ್ತಾರೆ. ಕೆಲವು ತಿಂಗಳ ಮೇಲೆ ಅದೇ ಮನೆಯವರು ಊಟಕ್ಕೆಂದು ಅದೇ ಧಾನ್ಯವನ್ನು ದುಬಾರಿಗೆ ಕೊಳ್ಳುವುದೂ ಉಂಟು. ಇದು ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಸಾಲ ತೀರಿಸಬೇಕು, ಶಾಲೆಯ ಫೀಸು ಕಟ್ಟಬೇಕು. ಮಾರದೆ ಇಟ್ಟುಕೊಂಡರೆ ಹುಳ ಬಿಡುವುದಿಲ್ಲ.

ಈ ಹುಳದ ಮಾತಿಗೆ ಬರೋಣ. ಅಲಸಂದೆ ಕಾಳಿನ ಹುಳ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ, ಕಾಳಿನ ಜೊತೆಗೇ ಮನೆಗೆ ಬರುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆಯುತ್ತದೆ. ಬೆಚ್ಚಗಿನ ಊರಿನಲ್ಲಿ ತಿಂಗಳೊಳಗೆ ಒಂದು ತಲೆಮಾರು ಮುಗಿದು ಮುಂದಿನದು ಶುರು. ಪರ್ಡ್ಯೂ ವಿಶ್ವವಿದ್ಯಾಲಯದ ಕೀಟತಜ್ಞ ಲ್ಯಾರಿ ಮರ್ಡಾಕ್ 1980ರ ದಶಕದ ಕೊನೆಯಲ್ಲಿ ಕ್ಯಾಮರೂನಿನ ಸಂಶೋಧಕರ ಜೊತೆ ಸೇರಿ ಇದಕ್ಕೊಂದು ಚೀಲ ರೂಪಿಸಿದರು. ಈಗ ಅದನ್ನು ಪಿಕ್ಸ್ ಚೀಲ ಎನ್ನುತ್ತಾರೆ. ಒಳಗೆ ದಪ್ಪ ಪಾಲಿಥೀನಿನ ಎರಡು ಚೀಲ, ಹೊರಗೆ ಸಾಮಾನ್ಯ ಪ್ಲಾಸ್ಟಿಕ್ ಗೋಣಿ. ಕಾಳು ತುಂಬಿ, ಗಾಳಿ ಒತ್ತಿ ಹೊರಹಾಕಿ, ಒಂದೊಂದನ್ನೂ ಬಿಗಿಯಾಗಿ ಕಟ್ಟಬೇಕು. ಅಷ್ಟೇ. ಔಷಧಿ ಬೇಡ, ಕರೆಂಟ್ ಬೇಡ.

ಒಳಗೆ ನಡೆಯುವುದು ಮಾತ್ರ ಸ್ವಾರಸ್ಯಕರ. ಹುಳಗಳು ಉಸಿರಾಡಿ ಆಮ್ಲಜನಕವನ್ನು ತಾವೇ ಖಾಲಿ ಮಾಡುತ್ತವೆ. ಆಮೇಲೆ ಉಸಿರುಕಟ್ಟಿ ಸಾಯುತ್ತವೆ ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಮರ್ಡಾಕ್ ತಂಡ ಕಂಡುಕೊಂಡಿದ್ದು ಬೇರೆಯೇ: ಅವು ಸಾಯುವುದು ನೀರಿಲ್ಲದೆ. ಒಣ ಕಾಳಿನೊಳಗೆ ಕುಡಿಯಲು ನೀರೆಲ್ಲಿದೆ? ತಿಂದ ಪಿಷ್ಟವನ್ನು ಆಮ್ಲಜನಕದ ಜೊತೆ ದೇಹದೊಳಗೆ ಉರಿಸಿದಾಗ ಹುಟ್ಟುವ ನೀರೇ ಮರಿಗೆ ಆಧಾರ. ಆಮ್ಲಜನಕ ಕಡಿಮೆಯಾದಾಗ ತಿನ್ನುವುದು ನಿಲ್ಲುತ್ತದೆ, ನೀರೂ ನಿಲ್ಲುತ್ತದೆ, ಮೈ ಒಣಗುತ್ತದೆ.

ಗಾಳಿಯಾಡದಂತೆ ಕಾಳು ಮುಚ್ಚಿಡುವುದು ಹೊಸದೇನಲ್ಲ. ನೆಲ ಅಗೆದು ಮಾಡಿದ ಹಗೇವುಗಳೂ ಇದೇ ಕೆಲಸ ಮಾಡುತ್ತಿದ್ದವು. ಚೀಲದಿಂದಾದ ಅನುಕೂಲವೆಂದರೆ, ಕಾಳು ನಾಲ್ಕೇ ಮೂಟೆ ಇದ್ದರೂ ಸಾಕು.

ಒಂದು ಷರತ್ತಿದೆ. ಕಾಳು ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ಚೀಲದೊಳಗೆ ಬೂಸ್ಟು ಬರುತ್ತದೆ. ಪರೀಕ್ಷಿಸಲು ಯಂತ್ರವೇ ಬೇಕೆಂದಿಲ್ಲ. ಒಣ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಸ್ವಲ್ಪ ಒಣ ಉಪ್ಪು ಹಾಕಿ ಮುಚ್ಚಿ ಅಲುಗಾಡಿಸಿ. ಕೆಲವು ನಿಮಿಷದ ಮೇಲೆ ಉಪ್ಪು ಗಾಜಿಗೆ ಅಂಟಿದ್ದರೆ ತೇವಾಂಶ ಶೇ 15ಕ್ಕಿಂತ ಜಾಸ್ತಿ ಎಂದರ್ಥ. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕಾಯಿಸುವುದು ಒಳ್ಳೆಯದು. ಬಹುತೇಕ ಧಾನ್ಯಕ್ಕೆ ಶೇ 13ರ ಆಸುಪಾಸು ಬೇಕು. ಇಲಿ ಕಡಿದು ತೂತು ಬಿದ್ದರೆ, ಅಥವಾ ದಿನಾ ಬಾಯಿ ಬಿಚ್ಚಿ ಒಂದೊಂದು ಸೇರು ತೆಗೆಯುತ್ತಿದ್ದರೆ, ಚೀಲ ಇದ್ದೂ ಇಲ್ಲದಂತೆ.

ಹುಳದ ಕಾಟ ಇಷ್ಟಕ್ಕೆ ತೀರಬಹುದು. ಸಾಲದ ಕಾಟ ತೀರುವುದಿಲ್ಲ. ಕೃಷಿ ಸಾಲ ಎಂದರೆ ಬಿತ್ತನೆಗೆ ಮುಂಚೆ ಕೊಡುವುದು ಎಂಬುದು ರೂಢಿ. ಕೀನ್ಯಾದಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಇದನ್ನು ಉಲ್ಟಾ ಮಾಡಿ ನೋಡಿದರು: ಮುಸುಕಿನ ಜೋಳದ ಕೊಯ್ಲಿನ ಹೊತ್ತಿಗೆ ಸಾಲ. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಾಲ ಪಡೆದವರು ಜೋಳ ಇಟ್ಟುಕೊಂಡು ಬೆಲೆ ಏರಿದ ಮೇಲೆ ಮಾರಿದರು, ಅವರ ಆದಾಯ ಹೆಚ್ಚಿತು. ತುಂಬಾ ಜನ ಸಾಲ ಪಡೆದ ಕಡೆ ಇನ್ನೊಂದು ಸಂಗತಿ ಕಂಡಿತು. ಕೊಯ್ಲಿನ ವೇಳೆ ಮಾರುಕಟ್ಟೆಗೆ ಬರುವ ಜೋಳ ಕಡಿಮೆಯಾಗಿ ಬೆಲೆ ಅಷ್ಟು ಬೀಳಲಿಲ್ಲ, ಆಮೇಲೆ ಅಷ್ಟು ಏರಲೂ ಇಲ್ಲ. ಸಾಲ ಪಡೆದವರ ಲಾಭ ಅಲ್ಲಿ ಕಡಿಮೆಯಾಯಿತು, ಸಾಲವನ್ನೇ ಮುಟ್ಟದ ಅಕ್ಕಪಕ್ಕದವರಿಗೂ ಅನುಕೂಲವಾದಂತೆ ಕಂಡಿತು.