ಚಿರೆಕಲ್ಲು ಗುಂಡಿಗೆ ಅಕೇಶಿಯಾ ನೆಟ್ಟರೆ ಮುಗೀತಾ?

ಪ್ರಶ್ನೆ: ನಮ್ಮೂರ ಗುಡ್ಡದಲ್ಲಿ ಚಿರೆಕಲ್ಲು (ಮನೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲು) ತೆಗೆದು ಬಿಟ್ಟ ದೊಡ್ಡ ಗುಂಡಿಯಿದೆ. ಈಗ ಅಲ್ಲಿ ಅಕೇಶಿಯಾ ನೆಟ್ಟಿದ್ದಾರೆ, ಹಸಿರಾಗಿದೆ. ಜಾಗ ಸರಿಹೋದ ಹಾಗೇ ಅಲ್ವಾ?

ಹಸಿರಾಗಿರೋದು ನಿಜ. ಸರಿಹೋಗಿದೆ ಅನ್ನೋಕೆ ಮಾತ್ರ ಬಾಯಿ ಬರಲ್ಲ.

ಹೊಸನಗರದ ಕಡೆ ಇಂಥದ್ದೇ ಒಂದು ಗುಂಡಿಗೆ ಕಳೆದ ಬೇಸಿಗೆಯಲ್ಲಿ ಇಳಿದಿದ್ದೆ. ಗೋಡೆಯಲ್ಲಿ ಕಲ್ಲು ಕೊಯ್ದ ಮಷಿನ್ನಿನ ಗೆರೆ ಹಾಗೇ ಇತ್ತು. ಕೆಳಗೆ ಪಾದ ಮುಚ್ಚುವಷ್ಟು ದರಗು, ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಸರಿಸಿ ನೋಡಿದರೆ ಅಡಿಯಲ್ಲಿ ಬರೀ ಕಲ್ಲು. ಹುಲ್ಲಿನ ಎಳೆಯಿಲ್ಲ, ಎರೆಹುಳದ ಹಿಕ್ಕೆಯಿಲ್ಲ.

ಆಸ್ಟ್ರೇಲಿಯಾದಿಂದ ಬಂದ ಈ ಮರದ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತವೆ, ಅದಕ್ಕೇ ಬರಡು ನೆಲದಲ್ಲೂ ಸರಸರ ಬೆಳೆಯುತ್ತದೆ. ಆದರೆ ನಾವು ಎಲೆ ಅನ್ನುವುದು ಅದರ ಚಪ್ಪಟೆಯಾದ ತೊಟ್ಟು. ದಪ್ಪ, ಬೇಗ ಕೊಳೆಯಲ್ಲ.

ಅಸಲಿ ನಷ್ಟ ಮೇಲ್ಮಣ್ಣಿನದು. ಬೀಜ, ಶಿಲೀಂಧ್ರ, ಹುಳ ಎಲ್ಲ ಇರೋದು ಮೇಲಿನ ಆ ಒಂದು ಗೇಣಿನಲ್ಲೇ. ಹಾಗಾಗಿ ಕೆಲಸ ಗುಂಡಿ ತೋಡುವ ಮೊದಲೇ ಶುರುವಾಗಬೇಕು. ಮೇಲ್ಮಣ್ಣನ್ನು ಬೇರೆ ತೆಗೆದು, ತೀರಾ ಎತ್ತರ ಪೇರಿಸದೆ, ಮಳೆಗೆ ಕೊಚ್ಚಿಹೋಗದಂತೆ ಇಟ್ಟು, ಆದಷ್ಟು ಬೇಗ ವಾಪಸ್ ಹರಡಬೇಕು. ಜಾಸ್ತಿ ದಿನ ಇಟ್ಟರೆ ಗುಡ್ಡೆಯೊಳಗಿನ ಜೀವ ಸಾಯುತ್ತದೆ. ಆಮೇಲೆ ಗೋಡೆಯನ್ನು ಮೆಟ್ಟಿಲು ಮಾಡಿ, ಅಂಚಿಗೆ ಲಾವಂಚ ಹಚ್ಚಿ, ಕೆಂಪು ನೀರು ಹಳ್ಳಕ್ಕೆ ಇಳಿಯದಂತೆ ತಡೆಯಬೇಕು. ಗಿಡದ ಸರದಿ ಕೊನೆಗೆ: ನೇರಳೆ, ಮತ್ತಿ, ಹೊನ್ನೆ, ಸುತ್ತಲ ಕಾಡಿನಲ್ಲಿ ಇದ್ದದ್ದು. ನೀರು ನಿಲ್ಲುವ ಗುಂಡಿಯಾದರೆ ಪೂರ್ತಿ ಮುಚ್ಚಲೇಬೇಕು ಅಂತೇನಿಲ್ಲ. ದಂಡೆ ಇಳಿಜಾರು ಮಾಡಿ, ದನ ಮಕ್ಕಳು ಬೀಳದ ಹಾಗೆ ಬೇಲಿ ಹಾಕಿದರೆ ಕೆರೆಯಾಗಿ ಉಳಿಯಬಹುದು.

ಎಲ್ಲ ಕಡೆ ಮರವೇ ಬೇಕು ಅಂತಲೂ ಇಲ್ಲ. ಕುದುರೆಮುಖ ನೋಡಿ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಕಬ್ಬಿಣದ ಅದಿರು ತೆಗೆಯೋದು ನಿಂತಿತು. ಅಲ್ಲಿನ ಗುಡ್ಡದ ನೆತ್ತಿಯಲ್ಲಿ ಹುಲ್ಲು, ಕಣಿವೆಯಲ್ಲಿ ಶೋಲಾ ಅನ್ನುವ ದಟ್ಟ ಗಿಡ್ಡ ಮರಗಳ ಕಾಡು. ಹುಲ್ಲಿದ್ದ ಕಡೆ ಮರ ತುರುಕಿದರೆ ಅದು ಇನ್ನೊಂದು ತಪ್ಪು. ಅದಿರು ತೊಳೆದ ಕೆಸರನ್ನು ಹಿಡಿದಿಟ್ಟ, ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು ಬೇರೆ ಇದೆ. ಗಣಿ ನಿಂತರೂ ಅದನ್ನು ಕಾಯೋದು ನಿಲ್ಲಲ್ಲ, ಕೆಳಗೆ ಭದ್ರೆ ಇದ್ದಾಳೆ.

ನಿಮ್ಮೂರಲ್ಲಿ ಹೊಸ ಕ್ವಾರಿ ಶುರುವಾದರೆ ಮೇಲ್ಮಣ್ಣು ಎಲ್ಲಿಟ್ಟಿದ್ದೀರಿ ಅಂತ ಸುಮ್ನೆ ಒಂದು ಮಾತು ಕೇಳಿ. ನಾನು ಒಂದು ಕಡೆ ಕೇಳಿದೆ. ‘ಅದಾ? ಆಗಲೇ ಲೋಡ್ ಮಾಡಿ ಅಡಿಕೆ ತೋಟಕ್ಕೆ ಕಳಿಸಿ ಆಯ್ತಲ್ಲ’ ಅಂದರು.