ಮೂರು ಫ್ಯಾನ್ ಇದ್ದರೆ ಶಬ್ದ ಜಾಸ್ತಿ ಅಲ್ವಾ?

ಪ್ರಶ್ನೆ: ಆರ್‌ಟಿಎಕ್ಸ್ 5080 ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋಣ ಅಂತಿದ್ದೀನಿ ಸರ್, ಗೇಮ್ ಆಡೋಕೆ. ಪಿಸಿ ಇರೋದು ಮಲಗೋ ಕೋಣೆಯಲ್ಲಿ. ಅಷ್ಟು ದೊಡ್ಡ ಕಾರ್ಡ್, ಅದಕ್ಕೆ ಮೂರು ಫ್ಯಾನ್, ರಾತ್ರಿ ಹೊತ್ತು ಮನೆಯವರಿಗೆ ತೊಂದರೆ ಆಗಲ್ವಾ? ಎರಡು ಫ್ಯಾನಿನ ಸಣ್ಣ ಮಾಡೆಲ್ ತಗೊಂಡರೆ ಶಬ್ದವೂ ಕಡಿಮೆ, ದುಡ್ಡೂ ಉಳಿಯುತ್ತೆ ಅಲ್ವಾ?

ಈ ಪ್ರಶ್ನೆ ಹೊಸದಲ್ಲ. ಹಿಂದೆ 3080 ಹೆಸರಿನಲ್ಲಿ ಬರುತ್ತಿತ್ತು, ಆಮೇಲೆ 4080, ಈಗ 5080. ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಓದಲು ಹೇಳಬಹುದು.

ಮೊದಲು ದುಡ್ಡಿನ ಮಾತು, ಅದು ಬೇಗ ಮುಗಿಯುತ್ತದೆ. ದುಡ್ಡು ಉಳಿಸಬೇಕಾದರೆ ಫ್ಯಾನ್ ಲೆಕ್ಕ ಬಿಡಿ, ಒಂದು ಮೆಟ್ಟಿಲು ಕೆಳಗಿನ 5070 ಟಿಐ ಕಾರ್ಡ್ ನೋಡಿ. 5080 ಮತ್ತು 5070 ಟಿಐ ಎರಡರ ಒಳಗೂ ಇರುವುದು ಜಿಬಿ203 ಅನ್ನುವ ಒಂದೇ ಚಿಪ್. 5080ಯಲ್ಲಿ 10,752 ಕೋರ್ (ಲೆಕ್ಕ ಮಾಡುವ ಸಣ್ಣ ಘಟಕ) ಕೆಲಸ ಮಾಡುತ್ತವೆ, 5070 ಟಿಐಯಲ್ಲಿ 8,960. ಮೆಮೊರಿ ಎರಡರಲ್ಲೂ 16 ಜಿಬಿ. 2025ರಲ್ಲಿ ಬಿಡುಗಡೆಯಾದಾಗ ಎನ್‌ವಿಡಿಯಾ ಭಾರತಕ್ಕೆ ಹೇಳಿದ ಆರಂಭಿಕ ಬೆಲೆ 5080ಗೆ 1,07,000 ರೂಪಾಯಿ, 5070 ಟಿಐಗೆ 80,000. ಹತ್ತಿರ ಹತ್ತಿರ ಮೂರನೇ ಒಂದು ಭಾಗ ಜಾಸ್ತಿ ಕೊಟ್ಟರೆ 4ಕೆ ಮಾನಿಟರಿನಲ್ಲಿ ಸಿಗುವುದು ಸುಮಾರು ಶೇ 15 ಹೆಚ್ಚು ಫ್ರೇಮ್, ಅಂದರೆ ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರ. 60 ಬರುತ್ತಿದ್ದ ಕಡೆ 69. ಎಸ್‌ಪಿ ರೋಡಿನ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ರೇಟು ವಾರಕ್ಕೊಂದು ಥರ ಇರುತ್ತದೆ, ನಿಜ. ಆದರೂ ಲೆಕ್ಕ ಹಾಕುವ ರೀತಿ ಇದೇ: ದುಡ್ಡು ಶೇಕಡ ಎಷ್ಟು ಏರಿತು, ಫ್ರೇಮ್ ಶೇಕಡ ಎಷ್ಟು ಏರಿತು. ಫ್ರೇಮ್ ಜನರೇಶನ್ (ನಿಜವಾದ ಫ್ರೇಮ್‌ಗಳ ನಡುವೆ ಕಾರ್ಡ್ ಊಹಿಸಿ ತುಂಬುವ ಫ್ರೇಮ್) ಸೇರಿಸಿ ಹೇಳುವ ಸಂಖ್ಯೆಯನ್ನು ಈ ಲೆಕ್ಕಕ್ಕೆ ತರಬೇಡಿ. ನಿಮ್ಮ ಮಾನಿಟರ್ 4ಕೆಗಿಂತ ಕೆಳಗಿನ 1440ಪಿ ಆಗಿದ್ದರೆ ನನ್ನ ಮತ 5070 ಟಿಐಗೆ.

ಈಗ ಶಬ್ದಕ್ಕೆ ಬರೋಣ. ಮೂರು ಫ್ಯಾನ್ ಅಂದರೆ ಶಬ್ದ ಜಾಸ್ತಿ ಅನ್ನುವುದು ತಪ್ಪು. ಬರೀ ತಪ್ಪಲ್ಲ, ಪೂರ್ತಿ ಉಲ್ಟಾ. ಇದನ್ನು ನಂಬಿ ಎಷ್ಟೋ ಜನ ಬೇಕಂತಲೇ ಸಣ್ಣ ಕೂಲರ್ (ಫ್ಯಾನ್ ಮತ್ತು ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಸೇರಿದ ಭಾಗ) ಇರುವ ಮಾಡೆಲ್ ತಂದು, ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ.

ಫ್ಯಾನಿನ ಶಬ್ದ ಬರುವುದು ಮುಖ್ಯವಾಗಿ ಅದು ತಿರುಗುವ ವೇಗದಿಂದ. ಫ್ಯಾನ್ ಮಾಡುವವರು ಬಳಸುವ ಲೆಕ್ಕದ ಪ್ರಕಾರ ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಅರ್ಧಕ್ಕೆ ಇಳಿದರೆ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಶಬ್ದ ಅರ್ಧ ಆದಂತೆ ಕೇಳುತ್ತದೆ. ಹಾಗಾದರೆ ಅದೇ ವೇಗದಲ್ಲಿ ತಿರುಗುವ ಇನ್ನೊಂದು ಫ್ಯಾನ್ ಸೇರಿಸಿದರೆ ಎಷ್ಟು ಏರುತ್ತದೆ? ಒಂದು ಇದ್ದದ್ದು ಎರಡಾದರೆ 3 ಡೆಸಿಬೆಲ್. ಎರಡು ಇದ್ದದ್ದು ಮೂರಾದರೆ 2 ಡೆಸಿಬೆಲ್ ಕೂಡ ಇಲ್ಲ.

ಪೆನ್ನು ಹಿಡಿದು ನೋಡಿ. ಎರಡು ಫ್ಯಾನ್ 1,800 ಆರ್‌ಪಿಎಂನಲ್ಲಿ ದೂಡುವಷ್ಟೇ ಗಾಳಿಯನ್ನು ಅದೇ ಅಳತೆಯ ಮೂರು ಫ್ಯಾನ್ 1,200ರಲ್ಲಿ ದೂಡುತ್ತವೆ. ವೇಗ ಇಳಿದಿದ್ದಕ್ಕೆ ಸುಮಾರು 9 ಡೆಸಿಬೆಲ್ ಕಡಿಮೆ, ಫ್ಯಾನ್ ಸೇರಿದ್ದಕ್ಕೆ ಸುಮಾರು 2 ಜಾಸ್ತಿ. ಕಳೆದರೆ 7 ಡೆಸಿಬೆಲ್ ಲಾಭ. ಇದು ಫ್ಯಾನಿನ ಲೆಕ್ಕ ಮಾತ್ರ. ಮೂರು ಫ್ಯಾನ್ ಇರುವ ಕಾರ್ಡಿನಲ್ಲಿ ಸಾಮಾನ್ಯವಾಗಿ ಹೀಟ್‌ಸಿಂಕ್ ಕೂಡ ಉದ್ದ ಇರುತ್ತದೆ. ಬಿಸಿ ಅನ್ನವನ್ನು ಅಗಲವಾದ ತಟ್ಟೆಗೆ ಹರವಿದರೆ ಬೀಸಣಿಗೆ ಬೀಸುವ ಕೆಲಸವೇ ಕಡಿಮೆ, ಅಲ್ವಾ? ಇಲ್ಲೂ ಅಷ್ಟೇ.

ನಂಬಿಕೆ ಬರದಿದ್ದರೆ ಹಳೆಯ ಉದಾಹರಣೆ ತಗೊಳ್ಳಿ. 2013ರ ಅಕ್ಟೋಬರಿನಲ್ಲಿ ಎಎಂಡಿಯ ಆರ್9 290ಎಕ್ಸ್ ಕಾರ್ಡ್ ಬಂತು. ಕಂಪನಿ ಕೊಟ್ಟ ಕೂಲರಿನಲ್ಲಿ ಇದ್ದದ್ದು ಒಂದೇ ಒಂದು ಬ್ಲೋವರ್ ಫ್ಯಾನ್, ಬಿಸಿ ಗಾಳಿಯನ್ನು ಕಾರ್ಡಿನ ತುದಿಯಿಂದ ಹೊರಗೆ ಊದುವ ಥರದ್ದು. ಚಿಪ್ 95 ಡಿಗ್ರಿಗೆ ಹೋಗಿ ನಿಲ್ಲುತ್ತಿತ್ತು, ಶಬ್ದಕ್ಕಂತೂ ಆ ಕಾರ್ಡ್ ಕುಖ್ಯಾತ. ಕೆಲವೇ ತಿಂಗಳಲ್ಲಿ ಸಫೈರ್ ಕಂಪನಿ ಅದೇ ಚಿಪ್ಪಿಗೆ ಟ್ರೈ-ಎಕ್ಸ್ ಅನ್ನುವ ಮೂರು ಫ್ಯಾನಿನ ಕೂಲರ್ ಹಾಕಿತು. ಬಿಸಿಯೂ ಇಳಿಯಿತು, ಶಬ್ದವೂ ಇಳಿಯಿತು. ಒಂದು ಫ್ಯಾನ್ ಕಿರುಚುತ್ತಿದ್ದ ಕಡೆ ಮೂರು ಫ್ಯಾನ್ ಸುಮ್ಮನೆ ಕೆಲಸ ಮಾಡಿದವು. ಫ್ಯಾನ್ ಎಣಿಕೆಗಿಂತ ಕೂಲರಿನ ಗಾತ್ರ ಮುಖ್ಯ ಅನ್ನುವುದಕ್ಕೆ ಇನ್ನೂ ಹತ್ತಿರದ್ದು ಬೇಕಾದರೆ ಎನ್‌ವಿಡಿಯಾ ತನ್ನ ಹೆಸರಿನಲ್ಲೇ ಮಾರಿದ 4080 ಫೌಂಡರ್ಸ್ ಎಡಿಷನ್ ಇದೆ. 450 ವಾಟಿನ 4090ಗೆ ಹಾಕಿದಷ್ಟೇ ದೊಡ್ಡ, ಕ್ಯಾಬಿನೆಟ್ಟಿನ ಹಿಂಬದಿಯ ಮೂರು ಸ್ಲಾಟ್ ಜಾಗ ಹಿಡಿಯುವಷ್ಟು ದಪ್ಪದ ಕೂಲರನ್ನು 320 ವಾಟಿನ ಈ ಕಾರ್ಡಿಗೂ ಹಾಕಿದ್ದರು. ಅಷ್ಟು ಪವರ್‌ಫುಲ್ ಕಾರ್ಡ್ ತಣ್ಣಗೆ, ಮೆತ್ತಗೆ ಓಡಿತು.

ಮತ್ತೆ ಈ ನಂಬಿಕೆ ಎಲ್ಲಿಂದ ಬಂತು? ನನಗನ್ನಿಸುವಂತೆ ಗೇಮಿಂಗ್ ಲ್ಯಾಪ್‌ಟಾಪಿನಿಂದ. ಅದರ ಫ್ಯಾನ್ ಅಂಗೈಗಿಂತ ಚಿಕ್ಕದು, ಹೀಟ್‌ಸಿಂಕ್ ತೆಳ್ಳಗೆ. ಬೇರೆ ದಾರಿ ಇಲ್ಲದೆ ಜೋರಾಗಿ ತಿರುಗುತ್ತದೆ. ಆ ಅನುಭವ ಇರುವವರು ಡೆಸ್ಕ್‌ಟಾಪ್ ಕಾರ್ಡಿನ ಗಾತ್ರ ನೋಡಿದ ಕೂಡಲೇ ಹೆದರುತ್ತಾರೆ. ಹೆದರಬೇಕಾದದ್ದು ಗಾತ್ರಕ್ಕಲ್ಲ. ವಾಟ್ ಜಾಸ್ತಿ ಇದ್ದು ಕೂಲರ್ ಚಿಕ್ಕದಾಗಿದ್ದರೆ ಹೆದರಿ.

ಹಾಗಂತ ಬಾಕ್ಸಿನ ಮೇಲೆ ಫ್ಯಾನ್ ಎಣಿಸಿ ಕಾರ್ಡ್ ತರಬೇಡಿ. ಎರಡೇ ಫ್ಯಾನಿನ ಒಳ್ಳೆಯ ಕೂಲರುಗಳೂ ಇವೆ. ಹೀಟ್‌ಸಿಂಕಿನ ದಪ್ಪ ನೋಡಿ. ಅದೇ ಮಾಡೆಲ್ ಪೂರ್ತಿ ಲೋಡಿನಲ್ಲಿ ಎಷ್ಟು ಆರ್‌ಪಿಎಂ ತಿರುಗಿತು ಅಂತ ರಿವ್ಯೂನಲ್ಲಿ ಹುಡುಕಿ. ಬೇರೆ ಬೇರೆ ಕಡೆ ಅಳೆದ ಡೆಸಿಬೆಲ್ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ, ಮೈಕ್ ಎಷ್ಟು ದೂರ ಇತ್ತು ಅನ್ನುವುದರ ಮೇಲೆ ಸಂಖ್ಯೆಯೇ ಬದಲಾಗುತ್ತದೆ. ಒಂದೇ ಚಿಪ್ಪಿನ ದುಬಾರಿ ಓವರ್‌ಕ್ಲಾಕ್ ಮಾಡೆಲ್ಲಿಗೆ ಹತ್ತಿಪ್ಪತ್ತು ಸಾವಿರ ಜಾಸ್ತಿ ಕೇಳುತ್ತಾರೆ, ಸಿಗುವ ವೇಗ ಶೇ 2-3 ಅಷ್ಟೇ. ಮಧ್ಯದ ಮಾಡೆಲ್ ಸಾಕು. ಕ್ಯಾಬಿನೆಟ್ಟಿನಲ್ಲಿ ಕಾರ್ಡ್ ಹಿಡಿಸುತ್ತದೆಯೇ ಅಂತ ಮೊದಲೇ ಟೇಪ್ ಹಿಡಿದು ಅಳೆಯಿರಿ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಗೇಮ್ ಅರ್ಧ ಗಂಟೆ ಓಡಿಸಿ, ಫ್ಯಾನ್ ಆರ್‌ಪಿಎಂ ಬರೆದಿಟ್ಟುಕೊಳ್ಳಿ. ಈಗ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಹತ್ತು ನಿಮಿಷ ಬಿಟ್ಟು ನೋಡಿ. ಆರ್‌ಪಿಎಂ ಚೆನ್ನಾಗಿ ಇಳಿದರೆ ತಪ್ಪು ಕಾರ್ಡಿನದಲ್ಲ, ಒಳಗೆ ಗಾಳಿ ಸಾಲುತ್ತಿಲ್ಲ. ಮುಂದಿನ ಫಿಲ್ಟರಿನಲ್ಲಿ ಧೂಳು ಕಟ್ಟಿಕೊಂಡಿದೆಯೇ ನೋಡಿ. ರಾಯಚೂರು, ಕಲಬುರಗಿ ಕಡೆಯವರಿಗೆ ಇನ್ನೊಂದು ಮಾತು. ರಿವ್ಯೂ ಮಾಡುವವರ ಕೋಣೆ ಸಾಮಾನ್ಯವಾಗಿ 20-25 ಡಿಗ್ರಿ ಇರುತ್ತದೆ. ನಿಮ್ಮ ಕೋಣೆ ಏಪ್ರಿಲಿನಲ್ಲಿ 38 ಇದ್ದರೆ ಕಾರ್ಡ್ ಕೂಡ ಹೆಚ್ಚುಕಡಿಮೆ ಆ ವ್ಯತ್ಯಾಸದಷ್ಟೇ ಜಾಸ್ತಿ ಬಿಸಿಯಾಗುತ್ತದೆ, ಫ್ಯಾನ್ ಜೋರಾಗುತ್ತದೆ. ಕೂಲರ್ ಕೋಣೆಯ ಗಾಳಿಗಿಂತ ತಣ್ಣಗಾಗಿಸಲಾರದು.

ಕೊಯ್ಯ್ ಅಂತ ಸಣ್ಣ ದನಿ ಬರುತ್ತಿದ್ದರೆ ಅದು ಫ್ಯಾನೇ ಅಲ್ಲ. ಬೋರ್ಡಿನ ಮೇಲಿನ ಕಾಯಿಲ್‌ಗಳು ಕಂಪಿಸುವುದು, ಕಾಯಿಲ್ ವೈನ್ ಅನ್ನುತ್ತಾರೆ. ಗೇಮಿನ ಮೆನುವಿನಲ್ಲಿ ಸುಮ್ನೆ ಐನೂರು ಫ್ರೇಮ್ ಓಡುತ್ತಿರುವಾಗ ಚೆನ್ನಾಗಿ ಕೇಳಿಸುತ್ತದೆ. ಫ್ರೇಮ್ ಲಿಮಿಟ್ ಹಾಕಿ, ಹೆಚ್ಚಿನ ಪಾಲು ಹೋಗುತ್ತದೆ.

ಇನ್ನು ಯಾರೂ ಕೇಳದ, ಆದರೆ ಕೇಳಬೇಕಾದ ವಿಷಯ ಒಂದಿದೆ: ಕರೆಂಟು. ಕೂಲರ್ ಎಷ್ಟೇ ಒಳ್ಳೆಯದಿರಲಿ, 5080 ಎಳೆಯುವ 360 ವಾಟ್ ಕೊನೆಗೆ ಬಿಸಿಯಾಗಿ ನಿಮ್ಮ ಕೋಣೆಗೇ ಬರುತ್ತದೆ. ಇಡೀ ಪಿಸಿ ಸೇರಿ 500 ವಾಟ್ ಅಂತಿಟ್ಟುಕೊಳ್ಳಿ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 45 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಯವರು ಇದನ್ನು ಗಮನಿಸಲೇಬೇಕು. ನಿಮ್ಮ ಹಳೆಯ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಉಚಿತದ ಮಿತಿ ಕೊಟ್ಟಿರುತ್ತಾರೆ. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. 165 ಯೂನಿಟ್ ಬರುತ್ತಿದ್ದ ಮನೆಯಲ್ಲಿ ಈ 45 ಸೇರಿದರೆ 210.

ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ವಾಟಿನ ಮಿತಿ) ಶೇ 80ಕ್ಕೆ ಇಳಿಸಿ. ಬೇರೆ ಕಂಪನಿಯ ಕಾರ್ಡಿಗೂ ಅದು ಕೆಲಸ ಮಾಡುತ್ತದೆ. 360 ವಾಟ್ ಇದ್ದದ್ದು 288 ಆಗುತ್ತದೆ, ಫ್ರೇಮ್ ಕೆಲವೇ ಶೇಕಡ ಇಳಿಯುತ್ತದೆ. ತಿಂಗಳಿಗೆ ಆರೂವರೆ ಯೂನಿಟ್ ಉಳಿಯಿತು, ಫ್ಯಾನಿನ ವೇಗವೂ ಇಳಿಯಿತು. ಮಾನಿಟರ್ 60 ಹರ್ಟ್ಜ್ ಇದ್ದರೆ ಫ್ರೇಮನ್ನೂ 60ಕ್ಕೆ ಕಟ್ಟಿಹಾಕಿ, ಇನ್ನಷ್ಟು ಉಳಿಯುತ್ತದೆ. ಇಷ್ಟು ಮಾಡಿದ ಮೇಲೆ ಮಲಗುವ ಕೋಣೆಯಲ್ಲಿ ಜೋರಾಗಿ ಕೇಳಿಸುವುದು ನಿಮ್ಮ ಸೀಲಿಂಗ್ ಫ್ಯಾನ್.